ಅಂಕ ಸರಿ, ಗುಣಕ್ಕೆಷ್ಟು?

ಮಂಗಳೂರಿನ ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯನ್ನು ಜೆಸ್ವಿಟ್ ಪಾದ್ರಿಗಳು ಶುರು ಮಾಡಿದ್ದು 1880ರಲ್ಲಿ. ಪಾದ್ರಿಗಳ ಶಾಲೆಗೆ ಇತರ ಮತದವರೂ ಮಕ್ಕಳನ್ನು ಕಳಿಸುತ್ತಾರೆ. ಯಾಕೆಂದರೆ ‘ಶಿಸ್ತು ಸ್ವಾಮಿ’ ಅಂತಾರೆ.

ಕೆಥೊಲಿಕ್ ಮಕ್ಕಳಿಗೆ ಧರ್ಮೋಪದೇಶ, ಉಳಿದವರಿಗೆ ನೀತಿಪಾಠ. ಇದು ಇಂಥ ಶಾಲೆಗಳ ಹಳೇ ಪದ್ಧತಿ. ಹೆತ್ತವರ ಒಪ್ಪಿಗೆಯಿಲ್ಲದೆ ಧರ್ಮಬೋಧೆಗೆ ಮಕ್ಕಳನ್ನು ಕೂರಿಸಬಾರದೆಂದು ಸಂವಿಧಾನದ 28ನೇ ವಿಧಿಯೇ ಹೇಳುತ್ತದೆ.

ಆದರೆ ಎಸ್ಸೆಸ್ಸೆಲ್ಸಿಯ ಒಟ್ಟು ಅಂಕಕ್ಕೆ ನೀತಿಪಾಠ ಸೇರುವುದಿಲ್ಲ. ಪರೀಕ್ಷೆ ಹತ್ತಿರ ಬಂದರೆ ಆ ಪಿರಿಯಡ್ಡನ್ನು ಗಣಿತ ನುಂಗುವುದು ಸುಲಭ. ಪಾದ್ರಿಗಳನ್ನು ದೂರಿ ಏನು ಫಲ? ಫಲಿತಾಂಶದ ದಿನ ‘ಎಷ್ಟು ಬಂತು’ ಅಂತ ಕೇಳುವವರು ನಾವೇ ತಾನೆ!

ಅಂಗಡಿಗೆ ಹುಡುಗನನ್ನು ಸೇರಿಸಿಕೊಳ್ಳುವಾಗ ಮಾತ್ರ ಗಲ್ಲಾಪೆಟ್ಟಿಗೆಗೆ ಕೈ ಹಾಕದವನೇ ಬೇಕು. ಆ ಪಾಠಕ್ಕೂ ಹೊತ್ತು ಕೊಡಿ ಎಂದು ಪಾಲಕರ ಸಭೆಯಲ್ಲಿ ನಾವೇ ಕೇಳಬೇಡವೇ?