ಸಿಪ್ಪೆ ಮೇಲೋ, ಬೀಜ ಮೇಲೋ?

ಮಕ್ಕಳೇ, ಹೀರೇಕಾಯಿ ಹೆರೆದ ಅಜ್ಜಿ ಸಿಪ್ಪೆಯನ್ನು ಎಸೆಯದೆ ಚಟ್ನಿ ಅರೆಯುತ್ತಾರಲ್ಲ, ಏಕೆ ಗೊತ್ತೇ? ಅದರಲ್ಲಿ ನಾರಿನಂಶವಿದೆ, ಮಲಬದ್ಧತೆಗೆ ಒಳ್ಳೆಯದು. ಆದರೆ ಸಿಪ್ಪೆಯಿಂದ ಸಿಗುವ ಶಕ್ತಿ ಕಡಿಮೆ. ಬೀಜ ಹಾಗಲ್ಲ. ಮುಂದೆ ಮೊಳೆಯುವ ಸಸಿಗೆಂದು ಬಳ್ಳಿ ಕಟ್ಟಿಟ್ಟ ಬುತ್ತಿ ಅದು! 100 ಗ್ರಾಂ ಒಣಗಿದ ಸಿಹಿಗುಂಬಳದ ಬೀಜದ ತಿರುಳಿನಲ್ಲಿ ಸುಮಾರು 30 ಗ್ರಾಂ ಪ್ರೋಟೀನ್ ಇದೆ. ಮೆಗ್ನೀಸಿಯಂ, ಸತುವೂ ಉಂಟು. ಹೆಚ್ಚುಕಡಿಮೆ ಅರ್ಧ ಭಾಗ ಎಣ್ಣೆಯೇ ಆದ್ದರಿಂದ ದಿನಕ್ಕೆ ಒಂದೆರಡು ಚಮಚ ಸಾಕು.

ಅಜ್ಜ ಅಜ್ಜಿಯರೇ, ಅಗಿಯಲು ಕಷ್ಟವೇ? ಬೀಜ ಹುರಿದು ಚಟ್ನಿಪುಡಿಗೆ ಸೇರಿಸಿ. ಸಿಪ್ಪೆ ಬಳಸುವುದಾದರೆ ತರಕಾರಿಯನ್ನು ಮೊದಲೇ ಚೆನ್ನಾಗಿ ತೊಳೆಯಿರಿ. ಹಸಿರು ತಿರುಗಿದ ಆಲೂಗಡ್ಡೆಯ ಸಿಪ್ಪೆ ಮಾತ್ರ ಬೇಡವೇ ಬೇಡ, ಅದರಲ್ಲಿ ವಿಷದ ಅಂಶವಿರುತ್ತದೆ.

ನಾರಿಗೆ ಸಿಪ್ಪೆ, ಪ್ರೋಟೀನಿಗೆ ಬೀಜ. ಇಂದು ನಿಮ್ಮ ಮನೆಯ ಕಸದ ಬುಟ್ಟಿಗೆ ಹೋದದ್ದು ಯಾವುದು?