ಲೇಖನಿಗೂ ನ್ಯಾಯದ ಹೊಣೆಯಿದೆ

ಮಾಧ್ಯಮಗಳು ನಮ್ಮ ಮಾತನ್ನು ಕೇಳಿಸಿಕೊಳ್ಳುವುದಿಲ್ಲ ಎಂಬುದು ಮುಸ್ಲಿಮ್ ಸಮುದಾಯದ ಹಳೆಯ ದೂರು. ಅದರಲ್ಲಿ ಸತ್ಯಾಂಶವಿದೆ. ಆದರೆ ಕೇಳಿಸಿಕೊಳ್ಳುವಂತೆ ನಾವು ಬರೆದಿದ್ದೇವೆಯೇ? ಯುವಕರು ಕಳುಹಿಸುವ ಲೇಖನಗಳನ್ನು ತಿದ್ದುವಾಗ ಈ ಪ್ರಶ್ನೆ ನನ್ನನ್ನು ಕಾಡುತ್ತದೆ. ಅವುಗಳಲ್ಲಿ ನೋವಿದೆ, ಆಕ್ರೋಶವಿದೆ, ಕೆಲವೊಮ್ಮೆ ಸೊಗಸಾದ ಭಾಷೆಯೂ ಇದೆ. ಇಲ್ಲದಿರುವುದು ಎದುರು ಪಕ್ಷದ ಮಾತು. ಯಾರನ್ನು ಖಂಡಿಸಲಾಗಿದೆಯೋ ಅವರು ಹೇಳಿದ್ದೇನೆಂಬುದು ಕೊನೆಯ ಸಾಲು ಓದಿದರೂ ತಿಳಿಯುವುದಿಲ್ಲ.

ಭಾಷಣವನ್ನೇ ಬರಹಕ್ಕಿಳಿಸಿದರೆ ಲೇಖನವಾಗುತ್ತದೆಂಬ ಭ್ರಮೆ ಇದಕ್ಕೆ ಕಾರಣ. ಭಾಷಣಕ್ಕೆ ಬರುವವರು ಬಹುಪಾಲು ನಮ್ಮವರೇ. ದನಿಯ ಏರಿಳಿತವೇ ಅವರನ್ನು ಒಪ್ಪಿಸಬಲ್ಲದು. ಲೇಖನವನ್ನು ಅಪರಿಚಿತನೊಬ್ಬ ಏಕಾಂತದಲ್ಲಿ ಓದುತ್ತಾನೆ. ಸಂಶಯ ಬಂದಲ್ಲಿ ನಿಲ್ಲುತ್ತಾನೆ, ಹಿಂದಿನ ಸಾಲಿಗೆ ಮರಳುತ್ತಾನೆ, ಬೇಡವೆನಿಸಿದರೆ ಮಡಚಿಡುತ್ತಾನೆ. ಅವನ ಮನಸ್ಸಿನಲ್ಲಿ ಏಳುವ ಆಕ್ಷೇಪವನ್ನು ಮೊದಲೇ ಊಹಿಸಿ ಉತ್ತರಿಸದ ಬರಹ ಅವನನ್ನು ತಲುಪುವುದಿಲ್ಲ.

ಈ ಪಾಠಕ್ಕೆ ದೂರ ಹೋಗಬೇಕಾಗಿಲ್ಲ. ತುಮಕೂರಿನ ಬಳಿಯ ಗೂಳೂರು ಇಂದು ಬೃಹತ್ ಗಣಪನಿಂದ ಪ್ರಸಿದ್ಧ. ಸುಮಾರು ಐದು ಶತಮಾನಗಳ ಹಿಂದೆ, ಎಡೆಯೂರು ಸಿದ್ಧಲಿಂಗೇಶ್ವರರ ಶಿಷ್ಯಪರಂಪರೆಯ ಗೂಳೂರು ಸಿದ್ಧವೀರಣಾರ್ಯರು 'ಶೂನ್ಯಸಂಪಾದನೆ'ಯನ್ನು ಪರಿಷ್ಕರಿಸಿದರು. ಬಿಡಿ ವಚನಗಳನ್ನು ಪ್ರಶ್ನೋತ್ತರವಾಗಿ ಜೋಡಿಸಿದ ಗ್ರಂಥವದು. ಅಲ್ಲಮಪ್ರಭು ಅಕ್ಕಮಹಾದೇವಿಗೆ ಹಾಕುವ ಕಠಿಣ ಪ್ರಶ್ನೆಗಳು ಅಲ್ಲಿ ಕಠಿಣವಾಗಿಯೇ ಉಳಿದಿವೆ. ಆದುದರಿಂದಲೇ ಅಕ್ಕನ ಉತ್ತರಗಳಿಗೆ ತೂಕ ಬಂದಿದೆ.

ನಮ್ಮ ಮದ್ರಸಗಳ ಪರಂಪರೆಯೂ ಇದಕ್ಕೆ ಹೊರತಲ್ಲ. ಹನಫೀ ಮದ್ಸ್‌ಹಬ್‌ನ 'ಹಿದಾಯ' ಗ್ರಂಥವು ಇಮಾಮ್ ಶಾಫಿಈಯವರ ಭಿನ್ನಾಭಿಪ್ರಾಯವನ್ನು ಪುರಾವೆ ಸಹಿತ ಮುಂದಿಟ್ಟ ಬಳಿಕವೇ ಉತ್ತರಿಸುತ್ತದೆ. ಇಮಾಮ್ ಗಝ್ಝಾಲಿ ತತ್ವಜ್ಞಾನಿಗಳನ್ನು ಖಂಡಿಸಿದ್ದು ಮಾತ್ರವಲ್ಲ, ಅವರ ವಾದವನ್ನು ವಿವರಿಸಲೆಂದೇ 'ಮಕಾಸಿದ್' ಎಂಬ ಪ್ರತ್ಯೇಕ ಗ್ರಂಥವನ್ನು ಬರೆದರು. ಅದು ಎಷ್ಟು ಪ್ರಾಮಾಣಿಕವಾಗಿತ್ತೆಂದರೆ, ಲ್ಯಾಟಿನ್ ಅನುವಾದ ಓದಿದ ಮಧ್ಯಯುಗದ ಯುರೋಪಿಯನ್ನರು ಅವರನ್ನೇ ಆ ವಾದದ ಪ್ರತಿಪಾದಕರೆಂದು ಭಾವಿಸಿದರು! ಈ ಪಾಠಗಳನ್ನು ಕಂಠಪಾಠ ಮಾಡಿದವರೇ ಪತ್ರಿಕೆಗೆ ಬರೆಯುವಾಗ ಅವುಗಳ ಶಿಸ್ತನ್ನು ಮರೆಯುವುದು ವಿಪರ್ಯಾಸ.

ದಿನವೂ ಅವಹೇಳನಕ್ಕೊಳಗಾಗುವ ಸಮುದಾಯದಿಂದಲೇ ಇಂತಹ ಸಂಯಮವನ್ನು ನಿರೀಕ್ಷಿಸುವುದು ಎಷ್ಟು ಸರಿ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯಯುತವಾದುದೇ. ಆದರೆ ಒಂದು ಜನಾಂಗದ ಮೇಲಿನ ದ್ವೇಷವೂ ನ್ಯಾಯ ತಪ್ಪಲು ಕಾರಣವಾಗಕೂಡದೆಂಬ ಕುರ್‌ಆನಿನ ಆದೇಶ (5:8) ಶಾಂತಿಕಾಲಕ್ಕೆ ಸೀಮಿತವಲ್ಲ. ನೊಂದವರಿಗೂ ಅದು ಅನ್ವಯ. ಮೇಲಾಗಿ, ಸಂಯಮವೆಂದರೆ ಮೌನವಲ್ಲ. ಸಾರಾ ಅಬೂಬಕ್ಕರ್ 1981ರಲ್ಲಿ 'ಲಂಕೇಶ್ ಪತ್ರಿಕೆ'ಯ ಮೂಲಕ ಬರಹಲೋಕಕ್ಕೆ ಕಾಲಿಟ್ಟದ್ದು ಕೋಮು ಸೌಹಾರ್ದದ ಕುರಿತ ಲೇಖನದಿಂದ. ನೆರೆಯವರು ಓದುವ ಕನ್ನಡದಲ್ಲಿ, ನೆರೆಯವರೂ ಓದುವ ಪತ್ರಿಕೆಯಲ್ಲಿ ಅವರು ಬರೆದರು. ಮುಂದೆ ಸ್ವಸಮುದಾಯದ ಲೋಪಗಳನ್ನೂ ಬಿಡಲಿಲ್ಲ. ಅವರ ಎಲ್ಲ ನಿಲುವುಗಳನ್ನು ಒಪ್ಪದವರೂ ಆ ಧೈರ್ಯವನ್ನು ಅಲ್ಲಗಳೆಯಲಾರರು.

ನಮ್ಮ ಜಮಾಅತ್‌ಗಳು ಸಭಾಂಗಣಗಳಿಗೂ ಧ್ವನಿವರ್ಧಕಗಳಿಗೂ ಧಾರಾಳವಾಗಿ ವ್ಯಯಿಸುತ್ತವೆ. ನಾಲ್ಕು ಪ್ಯಾರಾಗಳ ಲೇಖನ ಬರೆಯಲು ಮಕ್ಕಳಿಗೆ ಕಲಿಸುವ ವ್ಯವಸ್ಥೆ ಎಷ್ಟು ಕಡೆ ಇದೆ? ವಿರೋಧಿಯ ಮಾತನ್ನು ಅವನೇ ಒಪ್ಪುವಂತೆ ಬರೆದು ತೋರಿಸು, ಆ ಬಳಿಕ ಉತ್ತರಿಸು ಎಂಬುದು ಅದರ ಮೊದಲ ಪಾಠವಾಗಲಿ. ಲೇಖನಿಯ ಮೇಲೆ ಆಣೆಯಿಟ್ಟ ಗ್ರಂಥವನ್ನು ಓದುವವರು ಲೇಖನಿಯ ಹೊಣೆಯನ್ನು ಮರೆಯಬಾರದು.