ನಾಲ್ಕನೇ ಸ್ಥಾನ, ಮುಖಪುಟ

ಮೊನ್ನೆ ಆಫೀಸಿನಲ್ಲಿ ಊಟ ಮಾಡ್ತಾ ಕಾರ್ ರೇಸಿನ ಮಾತು ಬಂತು. "ಡ್ಯಾನಿಕಾ ಪ್ಯಾಟ್ರಿಕ್ಕಾ? ಆ ಜಾಹೀರಾತಿನ ಹುಡುಗಿ ತಾನೇ?" ಅಂದ ಪಕ್ಕದವನು. ನನಗೆ ರೇಗಿತು.

2005ರ ಇಂಡಿಯಾನಾಪೊಲಿಸ್ 500 ಗೆದ್ದವನು ಡ್ಯಾನ್ ವೆಲ್ಡನ್. ಆಕೆ ನಾಲ್ಕನೆಯವಳು. ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಮುಖಪುಟದಲ್ಲಿ ಬಂದದ್ದು ಮಾತ್ರ ಆಕೆ. ಪಾಪ, ವೆಲ್ಡನ್‌ಗೆ ಹೊಟ್ಟೆ ಉರಿದಿದ್ದರೂ ತಪ್ಪಿಲ್ಲ ಬಿಡಿ.

ಆದ್ರೆ ಸ್ವಾಮಿ, ಈ ಆಟದಲ್ಲಿ ಕಾರು ಓಡೋದು ಪ್ರಾಯೋಜಕರ ದುಡ್ಡಿನಿಂದ. ಹೆಸರಿಲ್ಲದಿದ್ರೆ ದುಡ್ಡಿಲ್ಲ, ದುಡ್ಡಿಲ್ಲದಿದ್ರೆ ಸೀಟಿಲ್ಲ. ಆಕೆ ಗೋ ಡ್ಯಾಡಿ ಜಾಹೀರಾತಿನಲ್ಲಿ ಕಾಣಿಸಿಕೊಂಡಳು ಅಂತ ಆಡಿಕೊಳ್ಳೋರಿಗೆ, ಗಂಡಸರ ಸೂಟಿನ ತುಂಬ ಇರೋ ಕಂಪನಿ ಹೆಸರುಗಳು ಕಾಣೋದೇ ಇಲ್ಲ! 2008ರಲ್ಲಿ ಜಪಾನಿನ ಮೊಟೆಗಿಯಲ್ಲಿ ಗೆದ್ದು, ಇಂಡಿಕಾರ್ ರೇಸ್ ಗೆದ್ದ ಮೊದಲ ಹೆಣ್ಣು ಅನ್ನಿಸಿಕೊಂಡಳಲ್ಲ, ಅದು ಪಕ್ಕದವನಿಗೆ ಗೊತ್ತೇ ಇರಲಿಲ್ಲ. ಜಾಹೀರಾತು ಮಾತ್ರ ಚೆನ್ನಾಗಿ ನೆನಪಿತ್ತು.

"ಗೆದ್ರೆ ಹೆಸರು ತಾನಾಗೇ ಬರುತ್ತೆ" ಅಂತ ಇನ್ನೊಬ್ಬ ಉಪದೇಶ ಮಾಡಿದ. ಹೌದಾ? ಫ್ರಾನ್ಸಿನ ಮಿಶೆಲ್ ಮೂಟೋನ್ 1982ರಲ್ಲಿ ಪೋರ್ಚುಗಲ್, ಗ್ರೀಸ್, ಬ್ರೆಜಿಲ್ ರ‍್ಯಾಲಿಗಳನ್ನು ಗೆದ್ದಳು. ಗಂಡಸರ ಜೊತೆಗೇ ಓಡಿಸಿ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಎರಡನೆಯವಳಾದಳು. ಆಕೆ ಗೊತ್ತಾ ಅಂತ ಕೇಳಿದೆ. ಎಲ್ಲರೂ ಮೊಸರನ್ನ ಕಲಸೋದರಲ್ಲಿ ಮಗ್ನರಾದರು.